ಬಾಳುವಿನ ಹೆಸರಿನಲ್ಲಿ ನಾನು ಹಿಡಿದ ತಪ್ಪುಗಳು

ಹೊಟ್ಟೆಪಾಡಿಗೆ ನಾನು ಏನು ಮಾಡುತ್ತೇನೆ ಎನ್ನುವುದನ್ನು ನನ್ನ ಮನೆಯವರಿಗೆ ತಿಳಿಸಿ ಹೇಳಲು ನಾಲ್ಕು ವರ್ಷಗಳಿಂದ ಪ್ರಯತ್ನಿಸಿ ಸೋತಿದ್ದೇನೆ. ಮಾಸ್ತರಿಕೆ ಎಂದರೆ ಜನಕ್ಕೆ ತಿಳಿಯುತ್ತದೆ. ನರ್ಸ್ ಎಂದರೆ ತಿಳಿಯುತ್ತದೆ. ಬ್ಯಾಂಕು ಎಂದರಂತೂ ಕುರ್ಚಿ ಸರಿಸಿ ಚಹಾ ಕೊಡುತ್ತಾರೆ. ಆದರೆ 'ಮೊಬೈಲಿನಲ್ಲಿ ಆಟ ಇರುತ್ತವಲ್ಲ, ಅವು ಮಂದಿಯ ಕೈಗೆ ಹೋಗುವ ಮೊದಲು ನಾನು ಆಡಿ ನೋಡಿ ಎಲ್ಲೆಲ್ಲಿ ತಪ್ಪಿವೆ ಎಂದು ಬರೆದುಕೊಡುತ್ತೇನೆ' ಎಂದರೆ ಕೇಳಿದವರು ನನ್ನ ಮುಖ ನೋಡುವುದನ್ನು ಬಿಟ್ಟು ನನ್ನ ಅಪ್ಪನ ಮುಖವನ್ನು ಕನಿಕರದಿಂದ ನೋಡುತ್ತಾರೆ. ಐನಾಪುರದ ನಮ್ಮ ಓಣಿಯಲ್ಲಿ ಯಾರೋ ಅವ್ವನನ್ನು ಕೇಳಿದರಂತೆ, "ಏನ್ ಮಾಡ್ತಾಳ ಬೇ ನಿಮ್ಮ ಸುರೇಖಾ ಅಲ್ಲಿ ಚಿಕ್ಕೋಡ್ಯಾಗ?" ಅವ್ವ ಒಂದು ಕ್ಷಣವೂ ಯೋಚಿಸದೆ, "ಕಂಪ್ಯೂಟರದಾಗ ಎತ್ತ ಕಾಯ್ತಾಳ" ಎಂದಳಂತೆ.

ನನಗೆ ಸಿಟ್ಟು ಬಂದದ್ದು ಅವಳು ತಪ್ಪು ಹೇಳಿದ್ದಕ್ಕಲ್ಲ, ಸರಿಯಾಗಿ ಹೇಳಿಬಿಟ್ಟದ್ದಕ್ಕೆ. ಯಾಕೆಂದರೆ ನಾನು ಎತ್ತು ಕಾಯಬಾರದು ಎಂಬ ಒಂದೇ ಹಟದಿಂದ ಅಪ್ಪ ನನ್ನನ್ನು ಓದಿಸಿದ್ದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪದವಿ ಪಡೆದವರು ಗಂಡಸರಲ್ಲೂ ಇಲ್ಲ. ಬಿ.ಸಿ.ಎ. ಪ್ರಮಾಣಪತ್ರ ಕೈಗೆ ಬಂದ ದಿನ ಅಪ್ಪ ಅದನ್ನು ಲ್ಯಾಮಿನೇಶನ್ ಮಾಡಿಸಿ ತಂದು ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ. ಅವ್ವ ಅಮಾವಾಸ್ಯೆಗೊಮ್ಮೆ ಅದಕ್ಕೂ ಕುಂಕುಮ ಹಚ್ಚುತ್ತಾಳೆ. ಈಗ ಕುಲಪತಿಗಳ ಸಹಿ ಪೂರ್ತಿ ಮುಚ್ಚಿಹೋಗಿದೆ; ಯಾರಾದರೂ ಅಸಲಿ ಪ್ರಮಾಣಪತ್ರ ತೋರಿಸು ಎಂದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ನಗಬೇಡಿ. ಆ ಕಾಗದಕ್ಕಾಗಿ ನಾನು ಮೂರು ವರ್ಷ ಎರಡು ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡು, ಮೊದಲ ತಾಸಿಗೆ ಒಮ್ಮೆಯೂ ಸರಿಯಾಗಿ ಮುಟ್ಟದೆ, ಆದರೂ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಅದಕ್ಕೆ ಕುಂಕುಮ ಹಚ್ಚಿದರೆ ನನಗೇನೂ ಹೆಚ್ಚೆನಿಸುವುದಿಲ್ಲ.

ನಮ್ಮ ಕಂಪನಿ ಚಿಕ್ಕೋಡಿಯಲ್ಲಿ ಒಂದು ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿಯ ಮೇಲಿನ ಅಂತಸ್ತಿನಲ್ಲಿದೆ. ಹೊಸಬರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡು ಸಲ ಸೀನಿರುತ್ತಾರೆ. ಮಾಲೀಕರನ್ನು ನಾವೆಲ್ಲ 'ಸರ್' ಎನ್ನುತ್ತೇವೆ. ಪುಣೆಯಲ್ಲಿ ಹತ್ತು ವರ್ಷ ಆಟ ತಯಾರಿಸುವ ಕಂಪನಿಯೊಂದರಲ್ಲಿದ್ದು, ಊರಿನ ಅಭಿಮಾನದಿಂದ ಮರಳಿ ಬಂದವರು. ಹನ್ನೊಂದು ಜನ ಗಂಡಸರು, ನಾನೊಬ್ಬಳು. "ಇಲ್ಲಿ ನಾವೆಲ್ಲಾ ಒಂದ ಮನಿ ಮಂದಿ ಇದ್ದಂಗ" ಎಂದು ಸರ್ ಪ್ರತಿ ಸೋಮವಾರ ಹೇಳುತ್ತಾರೆ. ಮಾತು ಖರೆ. ಮನೆಯಲ್ಲಿ ಹೇಗೋ ಹಾಗೇ ಇಲ್ಲಿಯೂ ಅತಿಥಿಗಳು ಬಂದರೆ ಎಲ್ಲರ ಕಣ್ಣೂ ಚಹಾಕ್ಕಾಗಿ ನನ್ನ ಕಡೆ ತಿರುಗುತ್ತವೆ. ಸರ್ ಉಳಿದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ, ನನ್ನನ್ನು ಮಾತ್ರ 'ತಂಗಿ' ಎನ್ನುತ್ತಾರೆ. ತಂಗಿಗೆ ಬೈಯಲಿಕ್ಕೆ ಬರುವುದಿಲ್ಲ. ಬಡ್ತಿ ಕೊಡಲಿಕ್ಕೂ ಬರುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಕಳೆದ ವರ್ಷ ನಾವು ಎತ್ತಿನ ಗಾಡಿ ಓಟದ ಶರ್ಯತ್ತಿನ ಆಟ ಮಾಡುತ್ತಿದ್ದೆವು. ರಾಯಬಾಗದಿಂದ ನಿಪ್ಪಾಣಿಯವರೆಗೆ ಶರ್ಯತ್ತು ಎಂದರೆ ಮಂದಿ ಊಟ ಬಿಟ್ಟು ಓಡುತ್ತಾರೆ. ಅದನ್ನೇ ಮೊಬೈಲಿಗೆ ತಂದರೆ ಹೇಗೆ ಎಂಬುದು ಸರ್ ಅವರ ಆಲೋಚನೆ. ಒಳ್ಳೆಯ ಆಲೋಚನೆಯೇ. ತಪ್ಪು ಹಿಡಿಯುವವರು ನಾವು ನಾಲ್ವರಿದ್ದೆವು. ಒಂದು ದಿನ ಸರ್ ಎಲ್ಲರನ್ನೂ ಕೂಡಿಸಿ, "ಆಟ ದಸರಾಕ್ಕ ಹೊರಗ ಬರಬೇಕು. ಯಾರ ಹಿಡದ ತಪ್ಪು ಹೆಚ್ಚು ಒಪ್ಪಿಗಿ ಆಗತಾವ, ಅವರು ಟೆಸ್ಟಿಂಗ್ ಲೀಡ್. ಹುದ್ದೆ ಖಾಲಿ ಐತಿ, ಯಾರ ಬೇಕಾದ್ರೂ ತಗೋರಿ" ಎಂದರು. ಆ ಹುದ್ದೆ ನನಗೆ ಬೇಕಿತ್ತು. ಬೇಕಿತ್ತು ಎಂದು ಹೇಳಲು ನಾಚಿಕೆ ಇಲ್ಲ. ಆಟ ಮುಗಿದ ಮೇಲೆ ಮಾಡಿದವರ ಹೆಸರು ಮೂಡುತ್ತವಲ್ಲ, ಅಲ್ಲಿ ಲೀಡ್ ಆದವರ ಹೆಸರು ಬರುತ್ತದೆ. ಅಪ್ಪನಿಗೆ ಬೆರಳಿಟ್ಟು ತೋರಿಸಬಹುದಿತ್ತು. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಸುಬಿನಲ್ಲಿ ಯಾವುದು ತಪ್ಪು, ಯಾವುದು ತಪ್ಪಲ್ಲ ಎಂದು ಕೊನೆಯ ಮಾತು ಹೇಳುವವರು ಲೀಡ್. ನಾನು ಮೂರು ವರ್ಷ ತಪ್ಪು ಹಿಡಿದಿದ್ದೆ. ಅದು ತಪ್ಪು ಹೌದೋ ಅಲ್ಲವೋ ಎಂದು ಹೇಳುವವರು ಬೇರೆ ಯಾರೋ ಇದ್ದರು.

ಆ ಬೇರೆ ಯಾರೋ ಎಂದರೆ ಆಗಿನ ಮಟ್ಟಿಗೆ ಪ್ರವೀಣ. ಆಟದ ಚಿತ್ರ, ಚಲನೆ ಎಲ್ಲ ಅವನ ಕೈಯದು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವನು. ಹಾಲಿನ ಪಾಕೀಟಿನ ಮೇಲಿನ ಆಕಳನ್ನು ನೋಡಿ ಎತ್ತು ಬಿಡಿಸಿದವನು ಎಂದು ನನ್ನ ಗುಮಾನಿ. ಅವನು ಒಂದೇ ಎತ್ತು ಮಾಡಿ, ಅದನ್ನೇ ಕನ್ನಡಿಯೊಳಗಿನ ಬಿಂಬದಂತೆ ತಿರುಗಿಸಿ ಇನ್ನೊಂದು ಮಾಡಿ ನೊಗಕ್ಕೆ ಹೂಡಿದ್ದ. ಯಾವುದನ್ನು ಯಾವ ಕಡೆ ಕಟ್ಟಿದರೂ ಗಾಡಿ ಓಡುತ್ತಿತ್ತು. ಹೂಡಿ ಪಳಗಿದ ಜೋಡಿಯಲ್ಲಿ ಎಡದ ಎತ್ತು ಎಡಕ್ಕೇ ಬೇಕು, ಬಲದ್ದು ಬಲಕ್ಕೇ. ಅದಲುಬದಲು ಮಾಡಿದರೆ ಎರಡೂ ಒಂದಕ್ಕೊಂದು ಒತ್ತಿಕೊಂಡು ಗಾಡಿಯನ್ನು ಪಕ್ಕದ ಕಬ್ಬಿನೊಳಗೆ ಒಯ್ದು ನಿಲ್ಲಿಸುತ್ತವೆ. ಇದು ನಮ್ಮ ಓಣಿಯ ಕೂಸಿಗೂ ಗೊತ್ತು. ನಾನು ಕಂಪ್ಯೂಟರಿನ ತಪ್ಪುಗಳ ಪಟ್ಟಿಗೆ ಬರೆದು ಹಾಕಿದೆ. 'ಆಟಗಾರರಿಗೆ ಇದು ಅನಗತ್ಯ' ಎಂದು ಷರಾ ಬರೆದು ಪ್ರವೀಣ ಮುಚ್ಚಿದ. ತಿರುವಿನಲ್ಲಿ ಎತ್ತಿನ ಕೊಂಬು ಗಾಡಿ ಹೊಡೆಯುವವನ ಅಂಗಿಯ ಒಳಗಿಂದ ಹಾಯ್ದು ಬೆನ್ನಿನಲ್ಲಿ ಹೊರಬರುತ್ತಿತ್ತು, ಹಾಕಿದೆ. 'ನಮ್ಮ ಫೋನಿನಲ್ಲಿ ಕಾಣುತ್ತಿಲ್ಲ.' ಓಟ ಮುಗಿಯುವ ಗೆರೆಯ ಹತ್ತಿರ ಆರತಿ ತಟ್ಟೆ ಹಿಡಿದು ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಓಡುವ ಎತ್ತಿನ ಹೆಗಲ ಮೇಲಿನ ಡುಬ್ಬ ಕಲ್ಲಿನಂತೆ ಸ್ಥಿರವಾಗಿರುತ್ತಿತ್ತು, ಸುಮ್ಮನೆ ನಿಂತ ಆಕೆಯ ಎದೆ ಮಾತ್ರ ಎಡೆಬಿಡದೆ ಅಲುಗುತ್ತಿತ್ತು. 'ಅಲುಗುವುದನ್ನು ಆಕೆಯಿಂದ ತೆಗೆದು ಎತ್ತಿಗೆ ಕೊಡಬೇಕು' ಎಂದು ಬರೆದೆ. ಪ್ರವೀಣ ಇದಕ್ಕೆ ಷರಾ ಕೂಡ ಬರೆಯಲಿಲ್ಲ. ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಆಡಾವ್ರು ಎಲ್ಲಾ ಹುಡುಗ್ರು. ಸ್ವಲ್ಪ ತಿಳ್ಕೊಳ್ರಿ" ಎಂದು ಹೋದ.

ನನಗೂ ಹಟ. ಆಡುವವರು ಹೆಣ್ಣಾದರೆ ಗಾಡಿ ಹೊಡೆಯಲು ಹೆಣ್ಣನ್ನೇ ಆರಿಸಿಕೊಳ್ಳುವಂತೆ ಇರಲಿ ಎಂದು ಇನ್ನೊಂದು ಹಾಕಿದೆ. 'ನಮ್ಮ ಕಡೆ ಹೆಣ್ಣುಮಕ್ಕಳು ಶರ್ಯತ್ತಿನ ಗಾಡಿ ಹೊಡೆಯುವುದಿಲ್ಲ, ಸಹಜತೆ ಕೆಡುತ್ತದೆ' ಎಂದು ಉತ್ತರ ಬಂತು. ಅದೇ ಆಟದಲ್ಲಿ ವೇಗ ಹೆಚ್ಚಾದಾಗ ಗಾಡಿಯ ಗಾಲಿಗಳಿಂದ ನೀಲಿ ಬೆಂಕಿ ಹಾರುತ್ತಿತ್ತು, ಎತ್ತುಗಳು ಹಳ್ಳದ ಮೇಲೆ ಜಿಗಿದು ಗಾಳಿಯಲ್ಲಿ ಪಲ್ಟಿ ಹೊಡೆದು ನಾಲ್ಕು ಕಾಲ ಮೇಲೆ ಇಳಿಯುತ್ತಿದ್ದವು. ಅದರಿಂದ ಸಹಜತೆ ಕೆಟ್ಟಿರಲಿಲ್ಲ.

ಇಷ್ಟರಲ್ಲಿ ಬಾಳುವಿನ ಮದುವೆ ಬಂತು. ಬಾಳಾಸಾಹೇಬ ಎಂದು ಪೂರ್ತಿ ಹೆಸರು. ನನ್ನ ಪಕ್ಕದ ಮೇಜಿನವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ನಿಪ್ಪಾಣಿಯಲ್ಲಿ ಅವನ ಅಪ್ಪನದು ಬಟ್ಟೆ ಅಂಗಡಿ. ಬಾಳು ಒಳ್ಳೆಯವನು. ಅದೇ ನನ್ನ ದುರ್ದೈವ. ಕೆಟ್ಟವನಾಗಿದ್ದರೆ ಬೈದುಕೊಳ್ಳಲಿಕ್ಕಾದರೂ ಅನುಕೂಲವಿರುತ್ತಿತ್ತು. ಸರ್ ಕೊಟ್ಟ ರಜೆ ಎಂಟು ದಿನ. ಮುಂದಿನ ಎರಡು ವಾರ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಿಸಿ, ಹೊರಡುವ ದಿನ ನನ್ನ ಹತ್ತಿರ ಬಂದು ದನಿ ತಗ್ಗಿಸಿದ:

"ಅಕ್ಕಾರ, ಒಂದ ಉಪಕಾರ ಮಾಡ್ರಿ. ಹೊಸಾ ಮದುಮಗಾ ಫೋನಿನ್ಯಾಗ ಎತ್ತ ಓಡಿಸ್ಕೋತ ಕುಂತ್ರ ಬೀಗರು ಏನ್ ತಿಳ್ಕೊಂಡಾರ್ರಿ? ಪಾಸ್‌ವರ್ಡ್ ಕೊಡ್ತೀನಿ. ದಿನಾ ಎರಡ ತಪ್ಪು ನನ್ನ ಹೆಸರ್ಲೆ ಹಾಕಿ ಬಿಡ್ರಿ."

"ಎಂಥಾವ ಹಾಕ್ಲೋ?"

"ಯಾವರ ಹಾಕ್ರಿ. ನಿಮಗ ಬ್ಯಾಡಾದವು."

ಬೇಡವಾದವುಗಳನ್ನೇ ಹಾಕುತ್ತಿದ್ದೆ. ಅಕ್ಷರ ಸಣ್ಣದು, ಬಣ್ಣ ಮಸುಕು, ಇಂಥವು. ಒಂದು ಮಂಗಳವಾರ ಬಾಳುವಿನ ಪಾಲಿನ ಎರಡು ಹಾಕಿದ ಮೇಲೆ ಅವನ ಖಾತೆಯಿಂದ ಹೊರಬರುವುದನ್ನು ಮರೆತೆ. ಮರೆತು, ಎಡ-ಬಲದ ಎತ್ತಿನ ತಕರಾರನ್ನು ಹೊಸದಾಗಿ, ಮೊದಲಿಗಿಂತ ವಿವರವಾಗಿ ಬರೆದು ಹಾಕಿದೆ. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಕಾದಿತ್ತು. ಪ್ರವೀಣ ಬರೆದಿದ್ದ: 'ಭಾರಿ ಹಿಡದಿ ಬಾಳು! ಹಳ್ಳಿ ಅನುಭವ ಅಂದ್ರ ಇದು. ಇವತ್ತೇ ಮಾಡತೀನಿ.' ಎತ್ತಿನ ಬಾಲ ಯಾವ ಕಡೆ ಇರುತ್ತದೆ ಎಂಬುದರಾಚೆಗೆ ಏನೂ ತಿಳಿಯದ, ಸೀರೆ ಥಾನುಗಳ ನಡುವೆ ಬೆಳೆದ ಬಾಳುವಿಗೆ ಹಳ್ಳಿಯ ಅನುಭವ ಹೀಗೆ ಒಂದೇ ಮಧ್ಯಾಹ್ನ ಬಂದುಬಿಟ್ಟಿತು.

ನಾನು ಆಗಲೇ ಎದ್ದು ಹೋಗಿ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ: ತಪ್ಪು ಒಮ್ಮೆ ಕಂಡರೆ ಸಾಲದು, ಅದೇ ಕ್ರಮದಲ್ಲಿ ಮಾಡಿದರೆ ಮತ್ತೆ ಮತ್ತೆ ಕಾಣಬೇಕು, ಆಗಲೇ ಅದು ತಪ್ಪು. ನಾನು ನಿಯಮ ಪಾಲಿಸಿದೆ. ಕೊಂಬು-ಅಂಗಿಯದನ್ನು ಬಾಳುವಿನ ಹೆಸರಿನಲ್ಲಿ ಹಾಕಿದೆ. ಈಗ ಅವರ ಫೋನಿನಲ್ಲಿ ಕಂಡಿತು. ಆರತಿ ಹಿಡಿದವಳ ಮೈ ಅಲುಗುವುದನ್ನು ಹಾಕಿದೆ. 'ಖರೆ ಐತಿ ದೋಸ್ತ, ಮನಿ ಮಂದಿ ಮುಂದ ಆಡಾಕ ಮುಜುಗರ ಆಗತೈತಿ' ಎಂದು ಪ್ರವೀಣ ತಿದ್ದಿದ. ಹೆಣ್ಣು ಗಾಡಿ ಹೊಡೆಯುವ ಸಲಹೆ ಹಾಕಿದೆ. ಸರ್ ಖುದ್ದಾಗಿ, 'ವಾ! ಹೊಸ ವಿಚಾರ. ಮಹಿಳಾ ಸಬಲೀಕರಣ' ಎಂದು ಚಪ್ಪಾಳೆಯ ಚಿತ್ರ ಹಾಕಿದರು. ಒಂಬತ್ತು ಹಾಕಿದೆ, ಒಂಬತ್ತೂ ಒಪ್ಪಿಗೆಯಾದವು. ತಪ್ಪು ಎಲ್ಲಿದೆ ಎಂಬುದು ಖಚಿತವಾಯಿತು. ಅದನ್ನು ಬರೆದು ಹಾಕಲು ಯಾವ ಪಟ್ಟಿಯೂ ಇರಲಿಲ್ಲ.

ಆಮೇಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ, ಏಕೆಂದರೆ ಎತ್ತುಗಳು ಸರಿಯಾಗತೊಡಗಿದ್ದವು. ಡುಬ್ಬ ಅಲುಗಿತು, ಬಾಯಲ್ಲಿ ಜೊಲ್ಲು ಬಂತು, ದಣಿದಾಗ ಪಕ್ಕೆಗಳು ಏರಿಳಿದವು. ಹೆಣ್ಣೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಮೇಲೆ ನಿಂತಳು. ಮೂರು ವರ್ಷದಲ್ಲಿ ಮೊದಲ ಸಲ ನಾನು ಹೇಳಿದ್ದು ಹೇಳಿದ ಹಾಗೆ ಆಗುತ್ತಿತ್ತು. ಬಾಳು ಮರಳಿ ಬಂದ ಮೇಲೂ ನಾನು ಮುಂದುವರಿಸಿದೆ. ಅವನು ಪಟ್ಟಿ ನೋಡಿ ಗಾಬರಿಯಾಗಿ, "ಅಕ್ಕಾರ, ನಾ ಇಷ್ಟ ಶಾಣ್ಯಾ ಯಾವಾಗ ಆದ್ನಿ?" ಎಂದು ಕೇಳಿದಾಗ, "ಸುಮ್ಮ ಕುಂಡ್ರೋ, ಕಡೀಕ ನಾ ಎಲ್ಲಾ ಹೇಳ್ತೀನಿ" ಎಂದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ಬರೆದಿಟ್ಟಿದ್ದೆ. ಆಟ ಮುಗಿದ ದಿನ ಎಲ್ಲರೆದುರು ಅದನ್ನು ತೆರೆಯುತ್ತೇನೆ, ಸರ್ ನಾಚಿಕೊಳ್ಳುತ್ತಾರೆ, ಹುದ್ದೆ ನನಗೆ ಬರುತ್ತದೆ. ಇದು ನನ್ನ ಯೋಜನೆ. ಸರ್ ನಾಚಿಕೊಂಡದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ ಎಂಬುದನ್ನು ಯೋಜನೆಯಲ್ಲಿ ಸೇರಿಸಲು ಮರೆತಿದ್ದೆ.

ದಸರೆಯ ಮುನ್ನಾದಿನ, ಖಂಡೇ ಪೂಜೆ. ರೈತರು ಕುಡಗೋಲು, ನೇಗಿಲು ಪೂಜಿಸಿದರೆ ನಾವು ಕಂಪ್ಯೂಟರ್ ಪೂಜಿಸುತ್ತೇವೆ. ರಂಗೋಲಿ ನಾನು ಹಾಕಿದೆ, ಅದನ್ನು ಬೇರೆ ಹೇಳಬೇಕಿಲ್ಲ. ಪೂಜೆ ಮುಗಿದ ಮೇಲೆ ಸರ್ ಒಂದು ಕೇಸರಿ ಫೇಟಾ ಹೊರತೆಗೆದರು. "ಈ ಸಲದ ಲೀಡ್, ನಮ್ಮ ಬಾಳಾಸಾಹೇಬ!" ಎಂದು ಅವನ ತಲೆಗೆ ಕಟ್ಟತೊಡಗಿದರು. ನಾನು ನೋಟ್‌ಬುಕ್ಕಿಗಾಗಿ ಚೀಲಕ್ಕೆ ಕೈಹಾಕುವಷ್ಟರಲ್ಲಿ ಯಾರೋ ಆರತಿ ತಟ್ಟೆ ತಂದು ನನ್ನ ಕೈಯಲ್ಲಿಟ್ಟರು. "ಬಾರವಾ ತಂಗಿ, ನೀ ಒಬ್ಬಾಕಿನ ಹೆಣ್ಣಮಗಳು ಇದ್ದಿ, ಬೆಳಗು." ದೀಪ ಉರಿಯುವ ತಟ್ಟೆ ಹಿಡಿದವರಿಗೆ ಜಗಳ ತೆಗೆಯಲು ಬರುವುದಿಲ್ಲ, ಯಾರಾದರೂ ಬೇಕಾದರೆ ಪ್ರಯತ್ನಿಸಿ ನೋಡಿ. ಬೆಳಗಿದೆ. ಫೇಟಾದ ಕೆಳಗೆ ಬಾಳು ಬೆವರುತ್ತಿದ್ದ. ಪಾಪ, ಅವನೇ ಬಾಯಿ ತೆರೆದ.

"ಸರ್, ಖರೆ ಹೇಳ್ತೀನ್ರಿ. ಅವು ನಾ ಹಿಡದದ್ದಲ್ರಿ. ಎಲ್ಲಾ ಸುರೇಖಕ್ಕಾರ ಹಿಡದಾರ. ನಂದು ಬರೇ ಹೆಸರ್ರಿ."

ಸರ್ ಅವನ ಬೆನ್ನ ಮೇಲೆ ಕೈಯಿಟ್ಟು ಎಲ್ಲರ ಕಡೆ ತಿರುಗಿದರು. "ಕೇಳಿದ್ರ್ಯಾ? ಲೀಡರ್ ಅಂದ್ರ ಹಿಂಗಿರಬೇಕು. ಹೆಸರ ತಾನ ಇಟಗೊಳ್ಳಲಿಲ್ಲ, ಟೀಮಿಗೆ ಕೊಟ್ಟ!"

ಜೋರು ಚಪ್ಪಾಳೆ. ಪ್ರವೀಣ ಸೀಟಿ ಹೊಡೆದ.

ಮಧ್ಯಾಹ್ನ ನೋಟ್‌ಬುಕ್ ಹಿಡಿದು ಸರ್ ಕೋಣೆಗೆ ಹೋದೆ. ಅವರು ಎರಡು ಪುಟ ತಿರುವಿದರು. ನಿಜ ಹೇಳಬೇಕೆಂದರೆ ಅವರಿಗೆ ಗೊತ್ತಾಯಿತು, ಮುಖದಲ್ಲಿ ಕಂಡಿತು. ಆಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು.

"ನೋಡವಾ ತಂಗಿ, ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಕೆಲಸಾ ಮಾಡೂದು ಕಂಪನಿ ನಿಯಮದಾಗ ದೊಡ್ಡ ತಪ್ಪ. ಇವನ್ನ ನೀ ಹಾಕೀನಿ ಅಂದ್ರ ನಾ ನಿನ್ನ ಮನಿಗಿ ಕಳಸಬೇಕಾಗತೈತಿ. ಹಾಕಿಲ್ಲ ಅಂದ್ರ ಲೀಡ್ ಬಾಳು. ಈಗ ನೀನ ಹೇಳು. ಹಾಕೀಯೋ, ಹಾಕಿಲ್ಲೊ?"

ನಾನು ನೋಟ್‌ಬುಕ್ ಎತ್ತಿಕೊಂಡೆ. ಸರ್ ಮುಂದುವರಿಸಿದರು:

"ಅಂವಗ ಈಗ ಮದಿವಿ ಆಗೇತಿ, ಜವಾಬ್ದಾರಿ ಬಂದೈತಿ, ಎಲ್ಲೂ ಹೋಗಂಗಿಲ್ಲ. ನಿನಗ ನಾಳೆ ಮದಿವಿ ಆತಂದ್ರ? ಹೋಗಾಕಿ ನೀ. ನಾ ಮತ್ತ ಹೊಸಬರನ್ನ ಹುಡುಕಬೇಕು." ಒಂದೇ ಮದುವೆ ಅವನನ್ನು ಕಂಬಕ್ಕೆ ಕಟ್ಟುತ್ತದೆ, ನನ್ನನ್ನು ಹಗ್ಗ ಬಿಚ್ಚಿ ಓಡಿಸುತ್ತದೆ. ಇದೂ ಒಂದು ಬಗೆಯ ಎಡ-ಬಲವೇ ಎಂದುಕೊಂಡೆ, ಹೇಳಲಿಲ್ಲ. "ಹಾಕಿಲ್ರಿ ಸರ್" ಎಂದೆ. ನಾನು ದುಡಿದು ಗಳಿಸಿದ್ದನ್ನೆಲ್ಲ ನನ್ನದಲ್ಲ ಎಂದು ನನ್ನ ಬಾಯಿಂದಲೇ ಹೇಳಿ, ಬಾಗಿಲು ಮೆಲ್ಲಗೆ ಮುಚ್ಚಿ ಹೊರಬಂದೆ.

ಮರುದಿನ ಊರಿಗೆ ಹೋದೆ. ಬನ್ನಿ ಕೊಡಲು ಬಂದ ಕಾಕಾನ ಮಗನ ಫೋನಿನಲ್ಲಿ ಆಟ ಆಗಲೇ ಇತ್ತು. ಅಪ್ಪ ಕನ್ನಡಕ ಹಾಕಿಕೊಂಡು, ಫೋನನ್ನು ಕೈಯಲ್ಲಿ ದೂರ ಹಿಡಿದು ಬಹಳ ಹೊತ್ತು ನೋಡಿದ. ಬೇಕೆಂದೇ ಎತ್ತುಗಳನ್ನು ಅದಲುಬದಲು ಮಾಡಿ ಹೂಡಿದ. ಗಾಡಿ ಓರೆಯಾಗಿ ಕಬ್ಬಿನೊಳಗೆ ನುಗ್ಗಿತು. ಅಪ್ಪ ತೊಡೆ ತಟ್ಟಿ ನಕ್ಕ. "ಎಡದ್ದ ಬಲಕ್ಕ ಹೂಡಿದ್ರ ನಡಿಯಂಗಿಲ್ಲ ಇಲ್ಲೀನೂ! ಇದನ್ನ ಮಾಡಿದಾಂವ ರೈತನ ಮಗಾ ಇರಬೇಕು ನೋಡು" ಎಂದ. ಆಟ ಮುಗಿದು ಹೆಸರುಗಳು ಮೂಡಿದವು. ಅಪ್ಪನಿಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಅವನು ಓದಿ ಮುಗಿಸುವ ಮೊದಲು ಕೈಕಾಲು ತೊಳೆಯುವ ನೆಪದಲ್ಲಿ ನಾನು ಹಿತ್ತಲಿಗೆ ಹೋದೆ.

ಇದಾಗಿ ಎರಡು ತಿಂಗಳಿಗೆ ವರ್ಷದ ಮೌಲ್ಯಮಾಪನ ಬಂತು. ಲೀಡ್ ಆದವನು ತನ್ನ ಕೈಕೆಳಗಿನವರ ಬಗ್ಗೆ ಫಾರ್ಮ್ ತುಂಬಿ ಐದಕ್ಕೆ ಎಷ್ಟು ಎಂದು ಅಂಕ ಕೊಡಬೇಕು. ಬಾಳು ಉಳಿದ ಇಬ್ಬರದನ್ನು ತುಂಬಿ, ನನ್ನದನ್ನು ಹಾಗೇ ತೆರೆದಿಟ್ಟು ನನ್ನ ಹತ್ತಿರ ಬಂದ.

"ಅಕ್ಕಾರ, ನಿಮಗ ಮಾರ್ಕ್ ಹಾಕೂವಷ್ಟ ದೊಡ್ಡಾಂವ ನಾ ಅಲ್ರಿ. ನನ್ನ ಕುರ್ಚಿಮ್ಯಾಲ ಕುಂತ ನೀವ ತುಂಬಿ ಬಿಡ್ರಿ. ಏನ್ ಬೇಕಾದ್ದ ಬರೀರಿ. ಇದನ್ನರ ನಿಮ್ಮ ಕೈಯಾರೆ ಮಾಡ್ರಿ" ಎಂದು ಚಹಾಕ್ಕೆ ಹೋದ.

ಲೀಡ್‌ನ ಕುರ್ಚಿಯಲ್ಲಿ ಕೂತೆ. ಕುರ್ಚಿ ತಿರುಗುತ್ತಿತ್ತು, ನನ್ನದು ತಿರುಗುವುದಿಲ್ಲ. ಯಾರೂ ಇಲ್ಲ, ಯಾರೂ ತಡೆಯುವವರಿಲ್ಲ. ನಾನು ಯಾರು, ಏನು ಮಾಡಿದೆ ಎಂದು ಸರ್ ನಂಬುವ ಹೆಸರಿನಲ್ಲಿಯೇ ಬರೆಯಬಹುದು. ಐದು ಒತ್ತಿದೆ. ಐದು ನಕ್ಷತ್ರಗಳೂ ಹಳದಿಯಾಗಿ ಹೊಳೆದವು. ಅವನ್ನು ನೋಡುತ್ತ ಕೂತೆ. ಐದು ಎಂದರೆ ಸೊಕ್ಕು ಎನಿಸೀತು. ನಾಲ್ಕು ಮಾಡಿದೆ. 'ಉತ್ತಮ ಗುಣಗಳು' ಎಂಬಲ್ಲಿ 'ಕಷ್ಟಪಟ್ಟು ಕೆಲಸ ಮಾಡುತ್ತಾರೆ, ಹೊಂದಿಕೊಂಡು ಹೋಗುತ್ತಾರೆ' ಎಂದು ಬರೆದೆ. 'ಸುಧಾರಿಸಬೇಕಾದದ್ದು' ಎಂಬಲ್ಲಿ ಕೈ ಒಂದಿಷ್ಟೂ ತಡವರಿಸಲಿಲ್ಲ: 'ಮಾತು ನೇರ. ಸ್ವಲ್ಪ ಹಟಮಾರಿತನ. ತಂಡದವರ ಜೋಕು ತಿಳಿದುಕೊಳ್ಳುವುದಿಲ್ಲ.' ಇಷ್ಟೆಲ್ಲ ಬರೆದ ಮೇಲೆ ನಾಲ್ಕು ಹೇಗೆ ಹೊಂದೀತು? ಮೂರು ಮಾಡಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಸರ್ ಉತ್ತರ ಬಂತು: 'ಶಾಭಾಸ್ ಬಾಳಾಸಾಹೇಬ. ಎಲ್ಲಾ ಬರೋಬರ್ ಬರದಿ.'

ಬಾಳು ಚಹಾದ ಲೋಟ ಹಿಡಿದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿದ. ಎರಡು ಸಲ ಓದಿದ. ಆಮೇಲೆ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಏನ್ರಿ ಅಕ್ಕಾರ ಇದು," ಎಂದ, "ನಾನ ಹಾಕಿದ್ರ ನಾಕ ಹಾಕ್ತಿದ್ನಲ್ರಿ."